ಜೀಪಿನ ಮೂತಿಗೆ ಕೊಕ್ಕೆ

ಕೊಕ್ಕೆ ಮುರಿಯಲಿಲ್ಲ. ಹಗ್ಗವೂ ಹರಿಯಲಿಲ್ಲ. ಜೀಪಿನ ಮುಂದಿನ ಬಂಪರೇ ಕಿತ್ತುಕೊಂಡು ಹೋಯಿತು, ಅದಕ್ಕೆ ಕಾರಣ ನನ್ನ ತಮ್ಮ. ಊರಿನಲ್ಲಿ ಈಗಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಬ್ಬಿಣ ಕಳಪೆ ಅಂತ, ವೆಲ್ಡಿಂಗ್ ಸರಿಯಿಲ್ಲ ಅಂತ, ಹೆಣ್ಣುಹುಡುಗಿ ಓಡಿಸಿದರೆ ಇನ್ನೇನಾದೀತು ಅಂತ. ಅವರು ಯಾರೂ ಅಲ್ಲಿರಲಿಲ್ಲ. ನಾನು ಜೀಪಿನ ಒಳಗೇ ಕೂತಿದ್ದೆ.

ನಮ್ಮ ಗದ್ದೆ ಇರುವುದು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ಆಚೆ, ತಗ್ಗಿನಲ್ಲಿ. ಊರು ಬಿಟ್ಟು ನಾಲೆ ಏರಿಯ ಮೇಲೆ ಹೋಗಿ, ಆಮೇಲೆ ಕಬ್ಬಿನ ನಡುವಿನ ಗಾಡಿಜಾಡಿನಲ್ಲಿ ಇಳಿಯಬೇಕು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಆ ಜಾಡಿನ ಕೆಳಗೆ ನೆಲವೇ ಇರುವುದಿಲ್ಲ. ಮೇಲೆ ಹುಲ್ಲು, ಕೆಳಗೆ ಕೆಸರು, ಅದರ ಕೆಳಗೆ ಏನಿದೆಯೋ ನಾನು ನೋಡಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ದಾರಿಯಲ್ಲಿ ನಡೆದೆ. ಈಗ ನನ್ನ ಮಂಡಿ ಸವೆದಿದೆ ಎಂದು ಮಂಡ್ಯದ ಡಾಕ್ಟರು ಫೋಟೋ ತೆಗೆದು ತೋರಿಸಿದರು. ತೋರಿಸದಿದ್ದರೂ ನನಗೆ ಗೊತ್ತಿತ್ತು.

ಹಾಗಾಗಿ ಜೀಪು. ಮಗ ಅದನ್ನು ಹುಲ್ಲು ಹೇರುವುದಕ್ಕೆಂದು ಹಳೆಯದಾಗಿಯೇ ತಂದದ್ದು. ನಾಲ್ಕು ಚಕ್ರಕ್ಕೂ ಎಳೆತವಿದೆ, ಬಾಗಿಲಿಲ್ಲ. ಓಡಿಸುವವಳು ಮೊಮ್ಮಗಳು, ಮಗನ ಮಗಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ನನ್ನನ್ನು ಹತ್ತಿಸಿಕೊಂಡು ಗದ್ದೆಗೆ ಬಿಡುತ್ತಾಳೆ. ಕಾರ್ತೀಕದಲ್ಲಿ ಆ ಹೊತ್ತಿಗೆ ನಾಲೆಯ ಮೇಲೆ ಮಂಜು ಎದ್ದಿರುತ್ತದೆ. ಎರಡೂ ಕಡೆ ಕಬ್ಬು ಹೂ ಬಿಟ್ಟು ಸೂಲಂಗಿ ಬೆಳ್ಳಗೆ ಬಾಗಿ ನಿಂತಿರುತ್ತದೆ. ಜೀಪು ತೂಗುತ್ತ ಹೋಗುವಾಗ ನನಗೆ ಅರ್ಧ ನಿದ್ದೆ. ಆ ಅರ್ಧ ನಿದ್ದೆಯಲ್ಲಿ ನನ್ನ ಮಂಡಿ ನೋಯುವುದಿಲ್ಲ, ನಡೆದೇ ಹೋಗುತ್ತಿದ್ದೇನೆ ಅನ್ನಿಸುತ್ತದೆ, ತಲೆಯ ಮೇಲೆ ಬುತ್ತಿ ಇದೆ ಅನ್ನಿಸುತ್ತದೆ. ಕೈ ಎತ್ತಿ ಮುಟ್ಟಿ ನೋಡಿದ್ದೂ ಉಂಟು. ಬುತ್ತಿ ಇರುವುದಿಲ್ಲ, ಸೆರಗು ಇರುತ್ತದೆ.

ಆ ವರ್ಷ ನೀರು ಜೋರು. ಜೀಪು ಪದೇ ಪದೇ ಹೂತುಕೊಂಡಿತು. ಎಳೆಯುವುದಕ್ಕೆ ಬಂದವರು ಹಗ್ಗ ಎಲ್ಲಿಗೆ ಕಟ್ಟಬೇಕೆಂದು ತಿಳಿಯದೆ ಸಿಕ್ಕಿದ್ದಕ್ಕೆ ಕಟ್ಟುತ್ತಿದ್ದರು. ಒಬ್ಬ ಸ್ಟೇರಿಂಗಿನ ರಾಡಿಗೆ ಕಟ್ಟಿ ಅದನ್ನು ಬಗ್ಗಿಸಿಟ್ಟ. ಅವತ್ತು ಮಗ ಊಟಕ್ಕೆ ಕೂತವನು ಎದ್ದು ನಿಂತ.

"ಅವ್ವ, ಇನ್ನೊಂದ್ಸಲ ಊತ್ಕೊಂಡ್ರೆ ಈ ಕುಯ್ಲಾದ್ಮೇಲೆ ಗದ್ದೆ ವಾರಕ್ಕೆ ಕೊಟ್ಬುಡ್ತೀನಿ. ನೀನು ಮನೇಲಿ ಕೂತ್ಕೊ."

"ಕೂತ್ಕೊಂಡು ಏನ್ ಮಾಡ್ಲಿ?"

"ಟೀವಿ ನೋಡು."

"ಟೀವೀಲಿ ಅಳೋರ್ನ ನೋಡಾಕೆ ನಾನ್ಯಾಕ್ ಬೇಕು? ಅವ್ರು ನಾನ್ ನೋಡ್ದಿದ್ರೂ ಅಳ್ತಾರೆ."

ವಾರಕ್ಕೆ ಕೊಡುವುದೆಂದರೆ ಬೇರೆಯವನು ಬೆಳೆದು ಅರ್ಧ ಭತ್ತ ತಂದು ಮನೆ ಬಾಗಿಲಿಗೆ ಹಾಕುವುದು. ಭತ್ತ ಬರುತ್ತದೆ, ನಷ್ಟವೇನಿಲ್ಲ. ನನಗೆ ಬೇಕಾದದ್ದು ಭತ್ತವಲ್ಲ. ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಜಾಗ ಬೇಕು. ಅದು ಇಲ್ಲದೆ ನಡುಮನೆಯಲ್ಲಿ ಕೂತ ಹೆಂಗಸರನ್ನು ನೋಡಿದ್ದೇನೆ. ಅವರು ಬೇಗ ಮಂಕಾಗುತ್ತಾರೆ.

ಮೊಮ್ಮಗಳು ಫೋನಿನಲ್ಲಿ ಏನೋ ತೋರಿಸಿದಳು. ಬೆಟ್ಟ ಗುಡ್ಡ ಹತ್ತುವ ಜೀಪುಗಳು, ಎಲ್ಲದರ ಮೂತಿಯಲ್ಲೂ ದಪ್ಪ ಕಬ್ಬಿಣದ ಕೊಕ್ಕೆ. "ಅಜ್ಜಿ, ನಮ್ದಕ್ಕೆ ಇದು ಇಲ್ದೆ ಇಂಗಾಯ್ತಿರೋದು. ಗಟ್ಟಿಯಾಗಿ ಮಾಡ್ಸುದ್ರೆ ಯಾವ್ ಟ್ರಾಕ್ಟ್ರು ಬಂದ್ರೂ ಎಳೀತದೆ, ಅಪ್ಪಂಗೆ ಗೊತ್ತೇ ಆಗಕಿಲ್ಲ."

ನಿಡಘಟ್ಟದ ಹತ್ತಿರ ಒಬ್ಬ ಸಾಬರ ವೆಲ್ಡಿಂಗ್ ಅಂಗಡಿ ಇದೆ. ಹೊರಟೆವು. ಕರೆಯದಿದ್ದರೂ ತಮ್ಮ ಹತ್ತಿ ಕೂತ. ಅವನು ಎತ್ತಿನವನು. ಸುತ್ತಲಿನ ಊರುಗಳಲ್ಲಿ ಹೋರಿಗರುಗಳಿಗೆ ಮೂಗು ಚುಚ್ಚಿ ಮೂಗುದಾರ ಹಾಕುವುದಕ್ಕೆ ಅವನನ್ನೇ ಕರೆಯುತ್ತಾರೆ. ಹಾಗಾಗಿ ಎಳೆಯುವ ವಿಷಯ ಯಾವುದಿದ್ದರೂ ತನ್ನದೇ ಎಂದು ಅವನ ನಂಬಿಕೆ.

ಸಾಬರು ಜೀಪಿನ ಕೆಳಗೆ ನುಗ್ಗಿ ಬೆನ್ನಿನ ಮೇಲೆ ಮಲಗಿ ನೋಡಿದರು. ಹೊರಗೆ ಬಂದು ಹೇಳಿದರು, "ಅವ್ವ, ಕೆಳಗಡೆ ಉದ್ದಕ್ಕೆ ಎರಡು ತೊಲೆ ಓಗವೆ, ಚಾಸಿ ಅಂತ. ಇಡೀ ಗಾಡಿ ಕೂತಿರಾದು ಅದ್ರ ಮ್ಯಾಲೆ. ಆ ಎರಡ್ರ ತುದಿಗೂ ಒಂದೊಂದು ಕೊಕ್ಕೆ ಕೊಡ್ತೀನಿ."

ತಮ್ಮ ನಕ್ಕ. "ಅಲ್ಲ ಸಾಬ್ರೇ, ಎತ್ಗೆ ಮೂಗುದಾರ ಎಲ್ ಆಕ್ತಾರೆ? ಎರಡು ಕಿವಿಗೆ ಆಕ್ತಾರಾ?"

"ಎತ್ಗೆ ಮೂಗೈತೆ ಯಜಮಾನ್ರೇ. ಜೀಪ್ಗೆ ಅಲ್ಲಿರಾದು ಬರೀ ಬಂಪರು, ತಗಡು."

"ಪಕ್ಕದಲ್ಲಿಡಿದ್ ಎಳುದ್ರೆ ಸೊಟ್ಟಗ್ ಬತ್ತದೆ. ಮಧ್ಯಕ್ ಆಕಿ. ಒಂದೇ ಸಾಕು."

ಮೊಮ್ಮಗಳು ಅಡ್ಡ ಮಾತಾಡಿದಳು. "ತಾತ, ಅವ್ರು ಏಳಾದ್ನಾದ್ರೂ ಕೇಳು." "ನೀನ್ ಸುಮ್ಕಿರವ್ವ, ನಿಮ್ಮಪ್ಪ ಚಡ್ಡಿ ಆಕಾಕ್ ಮುಂಚೆ ನಾನ್ ಗಾಡಿ ಒಡ್ದಿವ್ನಿ," ಎಂದ. ಸಾಬರು ನನ್ನ ಕಡೆ ನೋಡಿದರು. ನಾನು ಹೊಂಗೆಮರದ ಕೆಳಗೆ, ಯಾವುದೋ ಹಳೆ ಕಾರಿನಿಂದ ಬಿಚ್ಚಿಟ್ಟ ಸೀಟಿನಲ್ಲಿ ಕೂತಿದ್ದೆ. ಅಂಥ ಮೆತ್ತನೆಯ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಆ ಕಡೆ ದೊಡ್ಡ ರಸ್ತೆಯಲ್ಲಿ ಮೈಸೂರಿನ ಕಡೆಗೆ, ಬೆಂಗಳೂರಿನ ಕಡೆಗೆ ಗಾಡಿಗಳು ಹೋಗುವ ಸದ್ದು ಕಣ್ಣು ಮುಚ್ಚಿದರೆ ಥೇಟ್ ಹೊಳೆಯ ಸದ್ದು. ಬಿಸಿಲು ಎಲೆಗಳ ಸಂದಿಯಿಂದ ಮಡಿಲಿಗೆ ಬೀಳುತ್ತಿತ್ತು. ಏನು ಕೇಳಿದರೋ, ನಾನು "ಹೂಂ" ಅಂದೆನಂತೆ.

ಬೆಂಕಿ ಹಚ್ಚುವಾಗ ನೋಡಬೇಡಿ ಎಂದರು. ನಾನು ಕಣ್ಣು ಮುಚ್ಚಿದೆ. ಮುಚ್ಚಿದರೂ ಆ ನೀಲಿ ಬೆಳಕು ರೆಪ್ಪೆಯೊಳಗೆ ಬಂತು. ನೀಲಿಯಲ್ಲಿ ನನ್ನ ಗದ್ದೆ ಕಂಡಿತು. ಬದುಗಳು ನೀಲಿ, ಪೈರು ನೀಲಿ, ನೀರಿನಲ್ಲಿ ನಿಂತ ನನ್ನ ಕಾಲೂ ನೀಲಿ. ಯಾರೋ ಪೈರಿನ ಕಂತೆಗಳನ್ನು ದೂರದಿಂದ ನನ್ನ ಕಡೆ ಎಸೆಯುತ್ತಿದ್ದರು, ಅವು ನೆಲಕ್ಕೆ ಬೀಳದೆ ತೇಲುತ್ತಲೇ ಬರುತ್ತಿದ್ದವು. ನಾನು ಹಿಡಿಯುತ್ತಿದ್ದೆ. ಎಚ್ಚರವಾದಾಗ ಬಂಪರಿನ ನಟ್ಟನಡುವೆ ಕೆಂಪು ಬಣ್ಣ ಬಳಿದ ಕೊಕ್ಕೆ ಇತ್ತು. ತಮ್ಮ ಅದಕ್ಕೆ ಕುಂಕುಮ ಇಡುತ್ತಿದ್ದ. ನೋಡುವುದಕ್ಕೆ ಮೂಗುಬೊಟ್ಟಿನ ಹಾಗೆ ಚೆನ್ನಾಗಿಯೇ ಇತ್ತು.

ಸ್ವಲ್ಪ ದಿನಕ್ಕೇ ಜಾಡಿನಲ್ಲಿ ಮತ್ತೆ ಹೂತುಕೊಂಡೆವು. ಮಂಜು ಎಷ್ಟಿತ್ತೆಂದರೆ ಜೀಪಿನ ಮೂತಿ ಕಾಣುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ಪಕ್ಕದ ಗದ್ದೆಯವನು ಟ್ರಾಕ್ಟರು ತಂದ. ತಮ್ಮ ಓಡಿಬಂದು ಕೊಕ್ಕೆಗೆ ಹಗ್ಗ ಸಿಕ್ಕಿಸಿ, ಎತ್ತಿಗೆ ಹೇಳುವಂತೆ ಟ್ರಾಕ್ಟರಿಗೆ "ಹೋ, ಹೋ, ಬಾ ಬಾ" ಎಂದ. ಟ್ರಾಕ್ಟರು ಮಂಜಿನೊಳಗೆ ಹೋಯಿತು. ಹಗ್ಗ ಕೆಸರಿನಿಂದ ಮೇಲೆದ್ದು ನೀರು ತೊಟ್ಟಿಕ್ಕಿಸುತ್ತ ಬಿಗಿಯಾಯಿತು. ಬಟ್ಟೆ ಹರಿದಂತೆ ಒಂದು ಸದ್ದು. ಬಂಪರು, ಅದರ ಕೊಕ್ಕೆ, ನಂಬರ್ ಪ್ಲೇಟು, ಮೂರೂ ಒಟ್ಟಿಗೆ ಜೀಪನ್ನು ಬಿಟ್ಟು ಹೊರಟುಹೋದವು. ಹಗ್ಗದ ಹಿಂದೆ ಹಾರಿ ಪೈರಿನೊಳಗೆ ಬಿದ್ದವು. ಬೆಳ್ಳಕ್ಕಿಗಳು ಎದ್ದವು. ಅವೇನೂ ಅವಸರ ಮಾಡಲಿಲ್ಲ, ಒಂದೊಂದಾಗಿ ಎದ್ದು ಮಂಜಿನೊಳಗೆ ಹೋದವು. ನಾವು ಕದಲದೆ ಕೂತಿದ್ದೆವು. ನನಗೆ ಭಯವಾಗಲಿಲ್ಲ. ಇದು ಬೇರೆ ಯಾರದೋ ಜೀಪು, ಬೇರೆ ಯಾರೋ ಮುದುಕಿ ಅನ್ನಿಸುತ್ತಿತ್ತು.

ಟ್ರಾಕ್ಟರಿನವನು ಇಳಿದು ಬಂದು ಹಿಂದೆ ಮುಂದೆ ನೋಡಿದ. "ತಾತ," ಎಂದ ನನ್ನ ತಮ್ಮನಿಗೆ, "ಮೂಗು ಬಂತು. ಮುಖ ಅಲ್ಲೇ ಅದೆ."

ತಮ್ಮ ಪಂಚೆ ಎತ್ತಿ ಕಟ್ಟಿ ಬಂಪರು ತರುವುದಕ್ಕೆ ಗದ್ದೆಗೆ ಇಳಿದ.

ಮಗನಿಗೆ ಸುದ್ದಿ ತಲುಪಿತು. ಅವನು ಕೂಗಾಡಲಿಲ್ಲ. "ಆಯ್ತಲ್ಲ," ಎಂದ ಅಷ್ಟೆ. ಸಂಜೆಯ ಹೊತ್ತಿಗೆ ಕೆಳಗಿನ ಬೀದಿಯವನೊಬ್ಬ ಬಂದು ಜಗುಲಿಯಲ್ಲಿ ಕೂತು ಗದ್ದೆಯ ನೀರು, ಗೊಬ್ಬರ ಎಲ್ಲ ವಿಚಾರಿಸಿದ. ವಾರಕ್ಕೆ ಮಾಡುವವನು ಅವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಹೋದ ಮೇಲೆ ಮಗನಿಗೆ ಹೇಳಿದೆ, "ಒಂದ್ಸಲ ಸರಿಯಾಗ್ ಮಾಡುಸ್ತೀನಿ. ಅದೇ ಜಾಗ್ದಲ್ಲಿ ಊತು ಎಳ್ಸು. ನೀನೇ ನಿಂತ್ಕೊಂಡು ನೋಡು. ಬರ್ದಿದ್ರೆ ಗದ್ದೆ ಕೊಡು, ನಾನ್ ಬಾಯ್ ಬುಡಕಿಲ್ಲ."

"ಬಾಯ್ ಬುಡಕಿಲ್ವಾ?"

"ಬುಡಕಿಲ್ಲ."

ಅದನ್ನು ಕೇಳಿಯೇ ಅವನು ಒಪ್ಪಿದ ಎಂದು ಕಾಣುತ್ತದೆ.

ಊರವರು ತಳ್ಳಿ ಮೇಲಕ್ಕೆ ತಂದಿದ್ದ ಜೀಪಿನಲ್ಲಿ ಮತ್ತೆ ನಿಡಘಟ್ಟಕ್ಕೆ ಹೋದೆವು. ಈ ಸಲ ನಾನು ಮೆತ್ತನೆ ಸೀಟಿಗೆ ಹೋಗದೆ ಕಲ್ಲಿನ ಮೇಲೆ ಕೂತೆ. "ಗೊತ್ತಿದ್ದೂ ಯಾಕ್ ಅಂಗ್ ಮಾಡ್ದೆ?" ಎಂದು ಸಾಬರನ್ನು ಕೇಳಿದೆ.

"ಯಜಮಾನ್ರು ಏಳುದ್ರಲ್ಲವ್ವ. ದೊಡ್ಡೋರ್ಗೆ ಎದ್ರಾಡಾಕಾಯ್ತದಾ."

"ಆಯ್ತದೆ. ನನ್ ಸೊಸೆ ದಿನಾ ಆಡ್ತಾಳೆ."

ಕೊಕ್ಕೆಗೆಂದು ದಪ್ಪ ತಗಡನ್ನು ಕತ್ತರಿಸಿದರು. ಅದನ್ನು ತಗಡು ಅನ್ನಬಾರದು, ಅಂಗೈ ಮೇಲಿಟ್ಟರೆ ಕೈ ಇಳಿದುಹೋಗುವಷ್ಟು ಭಾರ. ಚಾಸಿಯ ತುದಿಯಲ್ಲಿ ತೂತು ಕೊರೆದರು. ಕಬ್ಬಿಣ ಸುರುಳಿ ಸುರುಳಿಯಾಗಿ ಹೊರಗೆ ಬಂತು, ಹೊಳೆಯುತ್ತ, ಬೆಲ್ಲದ ಪಾಕ ಎಳೆ ಬಿಟ್ಟ ಹಾಗೆ. ತೊಲೆಯ ಒಳಗೆ ಟೊಳ್ಳು. ಬೋಲ್ಟು ಬಿಗಿದರೆ ಅದು ಚಪ್ಪಟೆಯಾಗುತ್ತದೆಂದು ತೂತಿನೊಳಗೆ ಪೈಪಿನ ತುಂಡು ಕೂರಿಸಿ, ಬೋಲ್ಟನ್ನು ಅದರೊಳಗಿಂದ ಆಚೆಗೆ ಹಾಯಿಸಿ, ಆಚೆ ಕಡೆಯೂ ಒಂದು ದಪ್ಪ ಪಟ್ಟಿ ಕೊಟ್ಟು ಬಿಗಿದರು. ಎಳೆತ ಬೋಲ್ಟಿನ ತಲೆಗೆ ಬೀಳದೆ ಇಡೀ ಪಟ್ಟಿಗೆ ಹಂಚಿಹೋಗುತ್ತದಂತೆ. ಕೊಕ್ಕೆ ಎಡಕ್ಕೊಂದು, ಬಲಕ್ಕೊಂದು. ಮೊಮ್ಮಗಳು ಸ್ಪಾನರ್ ಹಿಡಿದು ತೂಗಿಬಿದ್ದು ಬಿಗಿದಳು, ಮುಖವೆಲ್ಲ ಮಸಿ. ನಾನು ಕಣ್ಣು ಮುಚ್ಚಲಿಲ್ಲ. ಆದರೂ ಮಧ್ಯಾಹ್ನವೆಲ್ಲ ಕನಸಿನ ಹಾಗೆಯೇ ಹೋಯಿತು. ನೆರಳು ಕಲ್ಲಿನಿಂದ ಕಲ್ಲಿಗೆ ಸರಿಯಿತು, ನಾನೂ ಅದರ ಜೊತೆ ಸರಿದು ಕೂತೆ. ಕಬ್ಬಿಣ ಕೊರೆಯುವ ಸದ್ದಿನೊಳಗೆ ಯಾರೋ ನನ್ನ ಹೆಸರು ಕರೆದಂತೆ ಆಗಿ ತಿರುಗಿದರೆ ಯಾರೂ ಇಲ್ಲ.

ಕೊನೆಗೆ ಸಾಬರು ಕವೆಯ ಹಗ್ಗ ತೋರಿಸಿದರು. ಎರಡು ಕೊಕ್ಕೆಯಿಂದ ಎರಡು ಎಳೆ ಹೊರಟು ಮುಂದೆ ಒಂದಾಗುತ್ತವೆ, ಟ್ರಾಕ್ಟರು ಹಿಡಿಯುವುದು ಆ ಒಂದನ್ನು. ದೂರ ಕೂತು ಬೀಡಿ ಸೇದುತ್ತಿದ್ದ ತಮ್ಮ ಎದ್ದು ಬಂದ.

"ಎಳಿಯಾದು ಮಧ್ಯಕ್ಕೇ ಬಂತಲ್ಲ ಮತ್ತೆ. ನಾನ್ ಏಳಿದ್ದೂ ಅದೇಯ."

"ಉಂಕಣ್ಲಾ," ಎಂದೆ, "ನೀನ್ ಏಳಿದ್ದೂ ಅದೇಯ. ಓಗಿ ಬೀಡಿ ಸೇದು."

ಪರೀಕ್ಷೆಯ ದಿನ ನಾಲೆಯಲ್ಲಿ ನೀರು ತುಂಬಿತ್ತು. ಹೊತ್ತು ಇಳಿಯುತ್ತಿತ್ತು. ಮೊಮ್ಮಗಳು ಬೇಕೆಂದೇ ಜೀಪನ್ನು ಆ ಕೆಸರಿಗೆ ಇಳಿಸಿ, ಚಕ್ರ ಮುಳುಗುವ ತನಕ ತಿರುಗಿಸಿದಳು. ಮಗ ಏರಿಯ ಮೇಲೆ ಕೈಕಟ್ಟಿ ನಿಂತಿದ್ದ.

"ಅವ್ವ, ಇಳಿ ಕೆಳೀಕೆ."

"ನಾನ್ ಇಳುದ್ರೆ ಜೀಪು ಅಗುರಾಯ್ತದೆ. ಆಮೇಲೆ ಅದ್ಕೇ ಬಂತು ಅಂತೀಯ."

ಸಾಬರು ಹೇಳಿಕೊಟ್ಟಿದ್ದಂತೆ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಸಿದರು. ಹಗ್ಗ ಹರಿದರೆ ಹಾವಿನ ಹಾಗೆ ಬೀಸಿ ಬರದಿರಲಿ ಅಂತ. ಎಲ್ಲರನ್ನೂ ದೂರ ನಿಲ್ಲಿಸಿದರು. ಟ್ರಾಕ್ಟರು ಹೊರಟಿತು. ಎರಡೂ ಎಳೆ ಒಂದೇ ಸಲ ಬಿಗಿದವು. ನಾನು ಬಟ್ಟೆ ಹರಿಯುವ ಸದ್ದಿಗೆ ಕಾದೆ. ಬರಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ, ಬಿಸಿಲು ಕೆಂಪಾಗಿ ಸೂಲಂಗಿಯ ಮೇಲೆ ಬಿದ್ದಿತ್ತು, ಟ್ರಾಕ್ಟರಿನ ಹೊಗೆ ನಿಂತಲ್ಲೇ ನಿಂತಿತ್ತು. ಆಮೇಲೆ ಕೆಳಗಿನಿಂದ ಕೆಸರು ನಮ್ಮನ್ನು ಮೆಲ್ಲಗೆ ಕೈಬಿಟ್ಟಿತು. ಎಳೆದಂತೆ ಅನ್ನಿಸಲೇ ಇಲ್ಲ. ನಿದ್ದೆ ಹೋದ ಕೂಸನ್ನು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಹಾಕುತ್ತಾರಲ್ಲ, ಹಾಗೆ. ಜೀಪು ತೇಲಿ, ತಿರುಗಿ, ಏರಿಯ ಗಟ್ಟಿ ನೆಲದ ಮೇಲೆ ನಿಂತಿತು.

ಮಗ ಬಂದು ಕುಕ್ಕರುಗಾಲಿನಲ್ಲಿ ಕೂತು ಬೋಲ್ಟುಗಳ ಮೇಲಿನ ಕೆಸರು ಒರೆಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ. ಯಾವುದೂ ಅಲ್ಲಾಡಿರಲಿಲ್ಲ. ಎದ್ದು ಕೈ ಪಂಚೆಗೆ ಒರೆಸಿಕೊಂಡ.

"ಮುಂದ್ಲ ನಾಟೀನೂ ನೀನೇ ಮಾಡ್ಸು," ಎಂದ.

"ಆ ವಾರದವ್ನಿಗೆ?"

"ಅವ್ನಿಗೆ ನೀನೇ ಏಳು. ನನ್ ಕೈಲಾಗಕಿಲ್ಲ."

ಮಾರನೆಯ ಬೆಳಿಗ್ಗೆ ಡೈರಿಯಿಂದ ಬಂದ ಮೊಮ್ಮಗಳಿಗೆ ಜೀಪನ್ನು ಮೊದಲು ಕೆಳಗಿನ ಬೀದಿಗೆ ತಿರುಗಿಸು ಎಂದೆ. ಅವನು ಹಲ್ಲುಜ್ಜುತ್ತಿದ್ದ. ಗದ್ದೆ ಕೊಡುವುದಿಲ್ಲ ಎಂದು ಹೇಳಿದೆ. ಅವನು ಬಾಯಿ ಮುಕ್ಕಳಿಸಿ ಉಗಿದು, ಸರಿ ಬುಡಿ, ಕಾಪಿ ಕುಡ್ಕೊಂಡ್ ಓಗಿ ಎಂದ. ಕುಡಿದೆ, ಸಕ್ಕರೆ ಜಾಸ್ತಿಯಾಗಿತ್ತು. ಆಮೇಲೆ ಗದ್ದೆಗೆ ಹೋಗಿ ತೂಬಿಗೆ ಸಿಕ್ಕಿದ್ದ ಕಸ ಬಾಚಿ ತೆಗೆದು ನೀರು ಬಿಟ್ಟೆ.