ಕಟ್ಟದೆ ಬಿಟ್ಟ ಪಟ್ಟಿ

ಮೊನ್ನೆ ಮೊಮ್ಮಗಳು ಊರಿಗೆ ಬಂದವಳು ಚೀಲದಿಂದ ಒಂದು ಸ್ಟೀಲು ತಗಡು ತೆಗೆದು ಪಡಸಾಲೆಯಲ್ಲಿಟ್ಟಳು. ಬೆನ್ನಗಲದ ತಗಡು, ಅದರ ತೂತುಗಳಲ್ಲಿ ಪೋಣಿಸಿದ ಕಪ್ಪು ಪಟ್ಟಿಗಳು. ನೀರೊಳಗೆ ಉಸಿರಾಡುವ ಗಾಳಿ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವುದಕ್ಕಂತೆ. ಮುರುಡೇಶ್ವರದ ಕಡೆ ಸಮುದ್ರದಲ್ಲಿ ಮುಳುಗುವುದನ್ನು ಜನಕ್ಕೆ ಕಲಿಸುವುದು ಅವಳ ಕೆಲಸ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟ ನಾನು ಈ ಮಾತನ್ನು ಮುಳಬಾಗಿಲಿನ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ, ಅವರು ಕೇಳದಿದ್ದರೂ, ಹೇಳಿದ್ದೇನೆ. ಒಂದಿಬ್ಬರು ಸೀಟು ಬದಲಾಯಿಸಿದರು. ಬದಲಾಯಿಸಲಿ. ಹಿಗ್ಗು ಹೊಟ್ಟೆಯಲ್ಲಿ ಹಿಡಿಸದಿದ್ದರೆ ನಾನೇನು ಮಾಡಲಿ, ನೀವೇ ಹೇಳಿ.

"ಅಜ್ಜಿ, ಇದು ಹೊಸಾದು. ಮೈಗೆ ಸರಿಯಾಗಿ ಕೂರಿಸ್ಬೇಕು. ಬಾ, ಹಿಂದೆ ನಿಂತ್ಕೋ" ಅಂದಳು.

ಭುಜದ ಪಟ್ಟಿಯ ಕೆಳಗೆ ಅಂಗೈ ನುಸುಳಬೇಕಂತೆ, ಅಷ್ಟೇ ಸಡಿಲ. ಸೊಂಟದ್ದು ಹೊಕ್ಕುಳ ಮಟ್ಟಕ್ಕೆ. ಅವಳು ಹೇಳಿದಂತೆಲ್ಲ ಎಳೆದೆ, ಬಿಟ್ಟೆ. ತಗಡಿನ ಬುಡದಲ್ಲಿ ಇನ್ನೊಂದು ಪಟ್ಟಿ ಬಾಲದ ಹಾಗೆ ಜೋತಾಡುತ್ತಿತ್ತು.

"ಅದು ಕಾಲ ಮಧ್ಯೆ ಬಂದು ಮುಂದೆ ಸೊಂಟದ ಪಟ್ಟಿಗೆ ಸೇರುತ್ತೆ. ಇಲ್ದಿದ್ರೆ ತಗಡು ಮೇಲಕ್ಕೆ ಜಾರುತ್ತೆ."

"ಗೊತ್ತು" ಅಂದೆ.

"ನಿಂಗೆಂಗಜ್ಜಿ ಗೊತ್ತು? ಸಮುದ್ರಾನೇ ನೋಡಿಲ್ಲ ನೀನು" ಎಂದು ನಕ್ಕಳು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಕ್ಕ ನಗಲಿಲ್ಲ. ಅಕ್ಕ ಅಂದರೆ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ.

ನಾನು ತಾಯಲೂರಿನಿಂದ ದೇವರಾಯಸಮುದ್ರಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತೆಂಟರ ಸುಮಾರಿಗೆ. ಆಗ ಸುತ್ತಲ ಬಾವಿಗಳಿಗೆಲ್ಲ ಹೊಸದಾಗಿ ಕರೆಂಟು ಪಂಪು. ಪೈಪಿನ ತುದಿಯ ಕಬ್ಬಿಣದ ಫುಟ್‌ವಾಲ್ವಿಗೆ ಹೂಳು ಕಚ್ಚಿಕೊಂಡರೆ ಅಕ್ಕನ ಗಂಡನಿಗೆ, ನಮ್ಮ ಭಾವನಿಗೆ, ಕರೆ ಬರುತ್ತಿತ್ತು. ಉಸಿರು ಕಟ್ಟಿ ಮುಳುಗಿ ಅದನ್ನು ಬಿಚ್ಚಿ ತರುತ್ತಿದ್ದರು. ಮೇಲೆಳೆಯುವಾಗ ಬಾವಿಯ ಕಲ್ಲು ಬೆನ್ನು ತರಚದಿರಲೆಂದು ಮುರಿದ ಗಾಡಿಯ ಹಲಗೆಯೊಂದನ್ನು ಕೊಯ್ದು, ತೂತು ಕೊರೆದು, ಮಂಚದ ನವಾರು ಪೋಣಿಸಿಕೊಂಡಿದ್ದರು. ಹಲಗೆಯ ನೆತ್ತಿಗೆ ಹಗ್ಗ. ಭುಜಕ್ಕೆ ಎರಡು ನವಾರು, ಸೊಂಟಕ್ಕೊಂದು, ಕಾಲ ನಡುವೆ ಒಂದು. ಗಂಟುಗಳೆಲ್ಲ ಬೆನ್ನ ಹಿಂದೆ. ಮುಂದಿದ್ದರೆ ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಕಟ್ಟುವವಳು ಯಾವತ್ತೂ ಅಕ್ಕ. ಹಗ್ಗ ಎಳೆಯುವುದು ನನ್ನ ಗಂಡ, ಜೊತೆಗೆ ಒಬ್ಬಿಬ್ಬರು ಆಳು.

ಆ ಸಲ ಅಕ್ಕ ಚೊಚ್ಚಲ ಹೆರಿಗೆಗೆ ಶ್ರೀನಿವಾಸಪುರದ ತವರಿಗೆ ಹೋಗಿದ್ದಳು. ನಮ್ಮ ಬಾವಿಯದೇ ಪಂಪು ನೀರು ಬಿಟ್ಟಿತು, ಹಿಪ್ಪುನೇರಳೆ ಬಾಡುತ್ತಿತ್ತು. ಭಾವ ಹಲಗೆ ಹೊತ್ತು ನನಗೆ ಬೆನ್ನು ತಿರುಗಿಸಿ ನಿಂತು, "ಒಂಚೂರು ಗಂಟು ಹಾಕಮ್ಮಾ" ಅಂದರು.

ಮದುವೆಯಾಗಿ ಐದು ತಿಂಗಳು. ಅವರ ಮುಖವನ್ನೇ ನೆಟ್ಟಗೆ ನೋಡಿರಲಿಲ್ಲ ನಾನು. ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಭುಜದ್ದು ಕಟ್ಟಿದೆ, ಸೊಂಟದ್ದು ಕಟ್ಟಿದೆ. ಕೊನೆಯದು ಸೊಂಟದ ನವಾರಿನಿಂದ ಮುಂದೆ ಜೋತಾಡುತ್ತಿತ್ತು. ಅವರೇ ಅದನ್ನು ಕಾಲ ನಡುವೆ ಹಿಂದಕ್ಕೆ ತೂರಿಸಿದರೂ ಬಗ್ಗಿ ಹಿಡಿದುಕೊಳ್ಳಬೇಕಾದವಳು ನಾನು. ಕೈ ಬರಲಿಲ್ಲ. ಭಾವ ಕೆಮ್ಮಿದರು. "ಇಷ್ಟು ಸಾಕು ಬಿಡಮ್ಮಾ" ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನನ್ನ ಗಂಡ ಹತ್ತು ಹೆಜ್ಜೆ ದೂರದಲ್ಲಿ, ರಾಟೆಯ ಹತ್ತಿರ ಆ ಕಡೆ ಮುಖ ಮಾಡಿ ನಿಂತಿದ್ದರು. ಕೂಗಿದ್ದರೆ ಬಂದು ಕಟ್ಟುತ್ತಿದ್ದರು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲ. ಭಾವನ ಎದುರಿಗೆ "ರೀ" ಅನ್ನಲೂ ನಾಲಿಗೆ ಏಳಲಿಲ್ಲ. ಮರ್ಯಾದಸ್ಥ ಸೊಸೆ ಎಂದು ಊರೆಲ್ಲ ಹೊಗಳಿಸಿಕೊಂಡವಳಲ್ಲವೇ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ.

ಮುಳುಗಿ ಎದ್ದವರನ್ನು ಮೇಲಕ್ಕೆ ಎಳೆಯುವಾಗ, ಬಾವಿಯ ಬಾಯಿ ಇನ್ನೊಂದಾಳುದ್ದ ಇದೆ ಅನ್ನುವಷ್ಟರಲ್ಲಿ ಹಲಗೆ ಕತ್ತಿನ ಮೇಲಕ್ಕೆ ಜಾರಿತು. ಹಿಡಿಯಲೆಂದು ಭಾವ ಕೈ ಎತ್ತಿದರು. ನವಾರಿನಿಂದ ನುಣುಚಿ ಕೆಳಗಿನ ಕಲ್ಲು ಮೆಟ್ಟಿಲ ಮೇಲೆ ಬಿದ್ದರು. ಹಲಗೆಯೊಂದೇ ಮೇಲೆ ಬಂತು.

ಸೊಂಟ ಮುರಿದಿತ್ತು. ಕೋಲಾರದ ಆಸ್ಪತ್ರೆಯಿಂದ ಊರುಗೋಲಿನ ಮೇಲೆ ಬಂದವರು ಮತ್ತೆ ಯಾವ ಬಾವಿಗೂ ಇಳಿಯಲಿಲ್ಲ. ಕೂಸನ್ನೆತ್ತಿಕೊಂಡು ಬಂದ ಅಕ್ಕ ನಡುಮನೆಯಲ್ಲಿ ನಿಂತು, "ಯಾರು ಕಟ್ಟಿದ್ದು?" ಎಂದು ಕೇಳಿದಳು.

"ನಾನೇ ಕಟ್ಕೊಂಡೆ" ಅಂದರು ಭಾವ.

ನಾನು ರಾಗಿ ಬೀಸುತ್ತಿದ್ದೆ. ಬೀಸುತ್ತಲೇ ಇದ್ದೆ. ಆಮೇಲೆ ಅವರು ಬದುಕಿದ್ದಷ್ಟು ವರ್ಷ ಅವರ ಮುದ್ದೆಗೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಬಡಿಸಿದೆ. ನನ್ನ ಪ್ರಾಯಶ್ಚಿತ್ತ ಅಷ್ಟರದ್ದು, ನೋಡಿ. ಭಾವ ಹೋಗಿ ಹನ್ನೆರಡು ವರ್ಷವಾಯಿತು.

ಈಗ ಮೊಮ್ಮಗಳ ಕಾಲ ನಡುವಿಂದ ಪಟ್ಟಿ ಎಳೆದು ಸೊಂಟಕ್ಕೆ ಸೇರಿಸಿ ಬಿಗಿದೆ. "ಸ್ವಲ್ಪ ಸಡಿಲ ಬಿಡಜ್ಜಿ, ಕಾಲೇ ಎತ್ತೋಕಾಗಲ್ಲ" ಅಂದಳು. ಬಿಡಲಿಲ್ಲ. ಬಗ್ಗಿದವಳು ತಲೆಯೆತ್ತದೆ ಹೇಳಿಬಿಟ್ಟೆ: "ಅಕ್ಕಾ, ಅವತ್ತು ಭಾವನಿಗೆ ಕಟ್ಟಿದ್ದು ನಾನು. ಇದೊಂದು ಕಟ್ಟಲಿಲ್ಲ."

"ಗೊತ್ತು" ಅಂದಳು ಅಕ್ಕ. "ಬೆನ್ನ ಹಿಂದೆ ತಾನೇ ಹೆಂಗೆ ಗಂಟು ಹಾಕ್ಕೊತಾರೆ? ಅವತ್ತು ನಾನು ಕೇಳಿದ್ದು ಅವರನ್ನಲ್ಲ ಕಣೇ, ನಿನ್ನ."

ನಾನು ಬಗ್ಗಿಕೊಂಡೇ ಪಟ್ಟಿಯ ತುದಿ ಮಡಚಿ ಸಿಕ್ಕಿಸಿದೆ.

"ಅದಕ್ಕೇ ನನ್ನ ಮಗನ ತೊಟ್ಟಿಲನ್ನ ಒಂದು ದಿನಾನೂ ನಿನ್ನ ಕೈಲಿ ಕಟ್ಟಿಸಲಿಲ್ಲ."

ಅದನ್ನು ಇಷ್ಟು ಕಾಲ ನಾನು ಅವಳ ತವರಿನ ಜಂಬ ಅಂದುಕೊಂಡಿದ್ದೆ.

"ಏನು ದೊಡ್ಡಜ್ಜಿ, ಏನಾಯ್ತು?" ಎಂದಳು ಹುಡುಗಿ. ಅಕ್ಕ ಉತ್ತರ ಕೊಡದೆ ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಬಂದಳು. ಹುಡುಗಿಯ ಬೆನ್ನ ಮೇಲಿನ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಿದಳು. ತಗಡು ಅಲುಗಲಿಲ್ಲ. ನನ್ನ ಮುಖ ನೋಡದೆ ಇನ್ನೊಂದು ಸಲ ಜಗ್ಗಿದಳು.