ಜೀಗುಜ್ಜೆ ಮರವೂ ಬ್ಯಾಂಕಿನ ಉಪಗ್ರಹವೂ

ಉಪಗ್ರಹವೊಂದು ನಮ್ಮ ತಾರಸಿಯನ್ನು ನೋಡಿ ಹೋದಂದಿನಿಂದ ನನ್ನ ತಲೆ ಕೆಟ್ಟಿದೆ. ಒಣಗಲು ಹಾಕಿದ್ದ ಬನಿಯನ್ನುಗಳೂ ಅದಕ್ಕೆ ಕಂಡವೋ ಏನೋ, ಯಾರನ್ನು ಕೇಳುವುದು?

ಆದದ್ದು ಇಷ್ಟೆ. ಭೂಮಿ ಬಿಸಿಯಾಗುತ್ತಿದೆ, ನಮ್ಮಿಂದಲೂ ಏನಾದರೂ ಆಗಲಿ ಎಂದು ಸೋಲಾರ್ ಹಾಕಿಸಲು ಬ್ಯಾಂಕಿನಲ್ಲಿ ‘ಹಸಿರು ಸಾಲ’ ಕೇಳಿದೆ. ಈಗೆಲ್ಲ ಬ್ಯಾಂಕಿನವರು ಮನೆ ನೋಡಲು ಬಂದು ಚಹಾ ಕುಡಿದು ಹೋಗುವುದಿಲ್ಲ. ಅವರ ಆ್ಯಪ್ ಆಕಾಶದಿಂದ ಚಿತ್ರ ತರಿಸಿಕೊಂಡು, ಕೃತಕ ಬುದ್ಧಿಯಿಂದ ಬಿಸಿಲು ಅಳೆದು, ತೀರ್ಪು ಕೊಡುತ್ತದೆ. ನನಗೆ ಬಂದ ತೀರ್ಪು: ‘ಅಡಚಣೆ: ಒಂದು ಮರ. ನೆರಳು ತೆಗೆದರೆ ಸಾಲ ಮಂಜೂರು.’

ಆ ಮರ ನಮ್ಮದಲ್ಲ. ತೊಕ್ಕೊಟ್ಟಿನಲ್ಲಿ ನಮ್ಮ ನೆರೆಮನೆಯವರಾದ, ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಹಮೀದಾಕನ ಜೀಗುಜ್ಜೆ ಮರ, ಹಲಸಿನದೇ ಬಳಗ. ಕಾಯಿ ಕೊಯ್ದಾಗಲೆಲ್ಲ ನಮ್ಮ ಪಾಲು ಕಂಪೌಂಡಿನ ಮೇಲಿಂದಲೇ ನನ್ನ ಹೆಂಡತಿ ಲಿಲ್ಲಿಯ ಕೈಗೆ ಬರುತ್ತದೆ. ಅವಳು ಅದನ್ನು ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದರೆ ಒಂದು ತಟ್ಟೆ ಬಿಸಿಬಿಸಿಯಾಗಿ ಆಚೆ ಹೋಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಅದೇ ಬ್ಯಾಂಕು, ಅದೇ ಉಪಗ್ರಹ, ಅದೇ ಮರ ಇಂಗಾಲ ಹೀರುತ್ತದೆಂದು ಹಮೀದಾಕನಿಗೆ ಹಸಿರು ಅಂಕ ಕೊಟ್ಟಿದೆ! ಆ ಅಂಕದಿಂದ ಅವರ ಗೋದಾಮಿನ ವಿಮೆಗೆ ರಿಯಾಯಿತಿ. ಗೋಡೆಯಾಚೆ ಭೂಮಿಯನ್ನು ಉಳಿಸುವ ಮರ ಈಚೆಗೆ ವಾಲಿದ ಕೂಡಲೇ ಅಡಚಣೆಯಾಗುವುದು ಹೇಗೆ? ಜೀವಮಾನವಿಡೀ ಗಣಿತ ಕಲಿಸಿದವನು ನಾನು. ಧನಸಂಖ್ಯೆಗೂ ಋಣಸಂಖ್ಯೆಗೂ ನಡುವೆ ಸೊನ್ನೆ ಇರುತ್ತದೆಂದು ಬೋರ್ಡಿನಲ್ಲಿ ಗೆರೆ ಎಳೆದು ತೋರಿಸಿದ್ದೇನೆ. ಆ ಸೊನ್ನೆ ನಮ್ಮ ಕಂಪೌಂಡಿನ ಮೇಲೆಯೇ ಕೂತಿದೆಯೆಂದು ಗೊತ್ತಿರಲಿಲ್ಲ.

ಹೇಳುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೊಮ್ಮೆ ಹಮೀದಾಕನಿಗೆ ವಿಷಯ ಹೇಳಿದೆ. ಅವರು ಬೈದಿದ್ದರೆ ಎಷ್ಟೋ ಸುಖವಿತ್ತು.

“ಮರ ಅಲ್ವಾ ಮಾಷ್ಟ್ರೇ? ಕಡಿಯುವ,” ಅಂದುಬಿಟ್ಟರು.

“ನಿಮ್ಮ ಅಂಕ ಹೋಗ್ತದಲ್ಲ?”

“ಹೋಗ್ಲಿ ಮಾರಾಯ್ರೆ. ನಿಮಗೆ ಬಿಸಿಲು ಬೇಕಾದ್ರೆ ನನ್ನದೆಂತ ತಕರಾರುಂಟು?”

ನನಗೆ ಅಳು ಬರುವುದೊಂದು ಬಾಕಿ. ಸಾಲ ಬೇಕು, ಬಿಸಿಲು ಬೇಕು, ಮರವೂ ಬೇಕು, ಯಾವುದನ್ನು ಬಿಡಲಿ? ಲಿಲ್ಲಿಯಂತೂ, “ಇನ್ನು ಪೋಡಿಗೆ ಆ ಸೋಲಾರನ್ನೇ ಹೆಚ್ಚಿ ಕೊಡಿ,” ಎಂದು ಮುಖ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಮರ ಕಡಿಯುವವನು ಕತ್ತಿ, ಹಗ್ಗ ಹಿಡಿದು ಬಂದೇಬಿಟ್ಟ. ಕೊನೆಯ ಸಲ ಆ್ಯಪನ್ನೇ ವಿಚಾರಿಸೋಣ ಎಂದು ನಾನು ತಾರಸಿ ಹತ್ತಿದೆ. ಅಬ್ಬಾ, ಆ ಬಿಸಿಲೇ! ಅಂಗಾಲು ಚುರುಗುಟ್ಟಿತು. ಮೊಬೈಲನ್ನು ಹೇಗೆ ತಿರುಗಿಸಿದರೂ ಪರದೆಯಲ್ಲಿ ನನ್ನ ಬೆವರಿದ ಮುಖ ಬಿಟ್ಟರೆ ಬೇರೇನೂ ಕಾಣಲೊಲ್ಲದು. ವಿಧಿಯಿಲ್ಲದೆ ಜೀಗುಜ್ಜೆಯ ಕೊಂಬೆಯಡಿಗೆ ಸರಿದು ನಿಂತೆ. ಆಗ ಅಕ್ಷರ ಮೂಡಿತು: ‘ನೆರಳನ್ನು ತೆಗೆದಿದ್ದೀರಾ? ಹೌದು / ಇಲ್ಲ.’

ಕೆಳಗಿನಿಂದ ಹಮೀದಾಕ ಕೂಗಿದರು, “ಎಂತ ಮಾಷ್ಟ್ರೇ, ಶುರು ಮಾಡುದಾ?”

“ಬೇಡ ಹಮೀದಾಕ, ಬೇಡ!” ಎಂದೆ. “ಇವರ ಪ್ರಶ್ನೆ ಓದ್ಲಿಕ್ಕೇ ನಿಮ್ಮ ಮರದ ನೆರಳು ಬೇಕು!”