ಸೂಪರಿಂಟೆಂಡೆಂಟರು ಒಪ್ಪದ ದಿಂಬುಗಳು

ಮನೆಯಲ್ಲೇ ಕೂತು ಉದ್ಯೋಗ ಮಾಡಿ ಗೆದ್ದವರನ್ನು ಕೇಳಿ ನೋಡಿ, ಚಿಕ್ಕಂದಿನ ಕನಸು, ಛಲ, ಹಗಲಿರುಳಿನ ದುಡಿಮೆ ಅಂತ ಒಂದು ಗಂಟೆ ಕೊರೆಯುತ್ತಾರೆ. ದಿಂಬಕ್ಕನಿಗೆ ಅಂಥ ಕನಸು ಗಿನಸು ಏನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು: ಗಂಡ ಒಂದು ಸಲ ಕಣ್ಣು ಮುಚ್ಚಿ ನಿದ್ದೆ ಮಾಡಬೇಕು.

ಗಂಡ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿದ್ದವರು. ಮೂವತ್ತಾರು ವರ್ಷ ಒಂದೇ ಕಟ್ಟಡ, ಒಂದೇ ಮೇಜು, ಒಂದೇ ಕುರ್ಚಿ. ನಿವೃತ್ತಿಯಾಗಿ ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿದರು ನೋಡಿ, ಅವತ್ತಿನಿಂದ ನಿದ್ದೆ ಅನ್ನುವುದು ಅವರ ಕಡೆ ತಲೆ ಹಾಕಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ಇವರು ಮಾತ್ರೆ ನುಂಗಿ, ಅದರ ಜೊತೆಗಿದ್ದ ಚೀಟಿಯನ್ನು ಮೊದಲಿಂದ ಕೊನೆಯವರೆಗೂ ಓದಿ, ತಯಾರಿಸಿದವರಿಗೆ ಆರು ಪುಟದ ಆಕ್ಷೇಪಣೆ ಬರೆದರು. ಎರಡು ತಿಂಗಳಿಗೆ ಕಣ್ಣು ಕೆಂಡದಂತಾಯಿತು, ಕೈ ನಡುಗತೊಡಗಿತು. ಒಂದು ದಿನ ಹಾಲಿನ ಪಾತ್ರೆಯನ್ನು ಬಟ್ಟೆ ಬೀರುವಿನಲ್ಲಿಟ್ಟು, ಇಸ್ತ್ರಿ ಮಾಡಿದ ಅಂಗಿಯನ್ನು ಫ್ರಿಜ್ಜಿನಲ್ಲಿಟ್ಟರು. ದಿಂಬಕ್ಕ ಅದನ್ನು ನೋಡಿ ನಕ್ಕಳು, ನಕ್ಕ ಮೇಲೆ ಹೆದರಿದಳು.

ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು, "ನೋಡಿ ಅಮ್ಮ, ಮುಚ್ಚುಮರೆ ಮಾಡಲ್ಲ. ಹೀಗೇ ಆದ್ರೆ ಗುಂಡಿಗೆ ತಡೆಯಲ್ಲ. ಏನಾದ್ರೂ ಮಾಡಿ ಮಲಗಿಸಿ."

ಏನಾದರೂ ಅಂದರೆ ಏನು? ಅವಳು ತಲೆಗೆ ಎಣ್ಣೆ ತಿಕ್ಕಿದಳು, ಪಾದ ಒತ್ತಿದಳು, ಬಿಸಿ ಹಾಲು ಕುಡಿಸಿದಳು. ಕೊನೆಗೆ ಅವಳ ಕಣ್ಣು ದಿಂಬಿನ ಮೇಲೆ ಬಿತ್ತು. ಇಪ್ಪತ್ತು ವರ್ಷದ ದಿಂಬು, ಹೊಟ್ಟೆಯೊಳಗಿನ ಹತ್ತಿ ಗಂಟು ಗಂಟಾಗಿತ್ತು. ಇದೇ ಪಾಪಿ ಅಂದುಕೊಂಡು ಅದರ ಬಾಯಿ ಬಿಚ್ಚಿದಳು. ಹತ್ತಿಯನ್ನು ಬಿಸಿಲಿಗೆ ಹರಡಿ, ಕೈಯಲ್ಲೇ ಹಿಂಜಿ, ಹೊಸ ಬಟ್ಟೆಯ ಒಳಚೀಲ ಹೊಲಿದಳು. ಮೊದಲು ನಾಲ್ಕು ಮೂಲೆ, ಆಮೇಲೆ ಅಂಚು, ಕಟ್ಟಕಡೆಗೆ ಹೊಟ್ಟೆ, ಹೀಗೆ ಹಿಡಿಹಿಡಿಯಾಗಿ ತುಂಬಿ ಬಾಯಿ ಹೊಲಿದಳು. ಅಷ್ಟು ಹೊತ್ತಿಗೆ ಅವಳ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು.

ಸೂಪರಿಂಟೆಂಡೆಂಟರು ಅದರ ಮೇಲೆ ತಲೆಯಿಟ್ಟು, ಹತ್ತು ನಿಮಿಷ ಪಿಳಿಪಿಳಿ ಕಣ್ಣು ಬಿಟ್ಟು, ಎದ್ದು ಕೂತು ಹೇಳಿದರು, "ಎತ್ತರ ಜಾಸ್ತಿ ಕಣೇ. ತಿರಸ್ಕರಿಸಲಾಗಿದೆ."

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಬಸ್ ಡ್ರೈವರು ಏಣಿ ವಾಪಸು ಕೊಡಲು ಬಂದ. "ಒಂದೇ ನಿಮಿಷ ಅಕ್ಕ" ಅಂತ ಆ ದಿಂಬಿನ ಮೇಲೆ ತಲೆಯಿಟ್ಟವನು ಹೆಣ ಬಿದ್ದ ಹಾಗೆ ಮಲಗಿಬಿಟ್ಟ. ಮೂರು ಗಂಟೆಯ ಮೇಲೆ ಅವನ ಹೆಂಡತಿ ಬಂದು, ಗಂಡನನ್ನೂ ದಿಂಬನ್ನೂ ಒಟ್ಟಿಗೆ ಎತ್ತಿಕೊಂಡು ಹೋದಳು. ಬೇಡ ಬೇಡ ಅಂದರೂ ದುಡ್ಡು ಕೈಗೆ ತುರುಕಿದಳು.

ಎರಡನೆಯ ದಿಂಬು ತಗ್ಗಾಯಿತು, ತಿರಸ್ಕಾರ. ಅದನ್ನು ಮೂಲೆಮನೆಯ ಹೆಡ್‌ಮಿಸ್ ಒಯ್ದರು. ಮೂರನೆಯದರಲ್ಲಿ ಬೂರುಗದ ಹತ್ತಿ, "ಕಿವಿಯ ಹತ್ತಿರ ಏನೋ ಪಿಸುಗುಡುತ್ತೆ" ಅಂತ ತಿರಸ್ಕಾರ. ನಾಲ್ಕನೆಯದರಲ್ಲಿ ಸ್ಪಂಜಿನ ಚೂರು, ಐದನೆಯದರಲ್ಲಿ ಉಣ್ಣೆ, ಆರನೆಯದರಲ್ಲಿ ಅವಳ ಹಳೆಯ ಸೀರೆಗಳ ಚಿಂದಿ. ಪ್ರತಿಯೊಂದಕ್ಕೂ ಸೂಪರಿಂಟೆಂಡೆಂಟರು ತಿರಸ್ಕಾರದ ಕಾರಣ ಬರೆದು, ಸಹಿ ಹಾಕಿ, ದಿಂಬಿಗೇ ಪಿನ್ನು ಚುಚ್ಚಿ ಕೊಡುತ್ತಿದ್ದರು. ಇಪ್ಪತ್ತೊಂದು ದಿಂಬು ಹೀಗೆ ಫೇಲಾದವು, ಇಪ್ಪತ್ತೊಂದೂ ಬೀದಿಯವರ ಪಾಲಾದವು. ಸೂಪರಿಂಟೆಂಡೆಂಟರು ಬೇಡವೆಂದ ದಿಂಬು ಅಂದರೆ ಗ್ಯಾರಂಟಿ ನಿದ್ದೆ ಅಂತ ಮಾತು ಹಬ್ಬಿತು. ಜನ ಪಿನ್ನು ಚುಚ್ಚಿದ ಚೀಟಿ ಇದೆಯೋ ಇಲ್ಲವೋ ನೋಡಿಯೇ ಕೊಳ್ಳತೊಡಗಿದರು. ಇವಳಿಗೆ ದಿಂಬಕ್ಕ ಅಂತ ಹೆಸರು ಅಂಟಿಕೊಂಡದ್ದು ಆಗಲೇ.

ವ್ಯಾಪಾರದಲ್ಲಿ ಅವಳದು ಒಂದೇ ನಿಯಮ. ಬಂದವರು ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದಳು, "ಮಲಗಿ ನೋಡಿ, ಆಮೇಲೆ ಮಾತು." ಮುಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿಸಿದಳು. ಗಿರಾಕಿ ಮಲಗಿ ಗೊರಕೆ ಶುರು ಮಾಡಿದರೆ ಇವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೇಳುತ್ತಾ ಕೂರುತ್ತಿದ್ದಳು. ಗೊರಕೆ ಮೇಲಕ್ಕೇರಿದರೆ ಹತ್ತಿ ಜಾಸ್ತಿ, ನಡುವೆ ತುಂಡಾದರೆ ಹತ್ತಿ ಕಮ್ಮಿ. ತಲೆಯ ಕೆಳಗೇ ಹೊಲಿಗೆ ಬಿಚ್ಚಿ, ಒಂದು ಹಿಡಿ ಹತ್ತಿ ತೆಗೆದೋ ಸೇರಿಸಿಯೋ ಮತ್ತೆ ಬಾಯಿ ಹೊಲಿಯುವಳು. ಮಲಗಿದವರಿಗೆ ಸುಳಿವೇ ಸಿಗುತ್ತಿರಲಿಲ್ಲ. ಬ್ಯಾಂಕಿನವರು, ಕ್ಷೌರದಂಗಡಿಯವನು, ಬೀಗ ರಿಪೇರಿಯ ಮುದುಕ, ಮದುವೆಯ ಮಾತುಕತೆಗೆ ಬಂದು ದಾರಿ ತಪ್ಪಿದವರು, ಎಲ್ಲರೂ ಅಲ್ಲಿ ಮಲಗಿ ಎದ್ದರು. ಹೊಲಿಗೆಗೆ ಇಬ್ಬರು ಹೆಂಗಸರು ಬಂದರು, ಹಿತ್ತಲಿಗೆ ತಗಡು ಹಾಕಿಸಿ ಹತ್ತಿಯ ಮೂಟೆ ಒಟ್ಟಿದ್ದಾಯಿತು. ವರ್ಷ ತಿರುಗುವುದರೊಳಗೆ ಆರು ತಿಂಗಳ ಆರ್ಡರು ಮುಂಗಡವಾಗಿ ನಿಂತಿತು.

ಇದನ್ನೇ ಗೆಲುವು ಅನ್ನುತ್ತಾರಲ್ಲವೆ? ಒಳಕೋಣೆಯಲ್ಲಿ ಸೂಪರಿಂಟೆಂಡೆಂಟರು ಗೋಡೆಗೆ ಒರಗಿ ಕೂತು, ತಮ್ಮದೇ ಮನೆಯಲ್ಲಿ ಪರರು ಹೊಡೆಯುವ ಗೊರಕೆ ಕೇಳುತ್ತಿದ್ದರು.

"ಊರವರೆಲ್ಲ ಬಂದು ನನ್ನ ಮನೇಲಿ ನಿದ್ದೆ ಮಾಡ್ತಾರೆ. ನಾನು ಮಾತ್ರ ಕಾವಲು ಕೂತಿದೀನಿ," ಅಂದರು ಒಂದು ದಿನ. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ. ಆಮೇಲೆ ಯಾರಾದರೂ ಬಂದು ನಿಮ್ಮ ದಿಂಬು ಭಾರಿ ಚೆನ್ನಾಗಿದೆ ಎಂದು ಹೊಗಳಿದರೆ ದಿಂಬಕ್ಕನಿಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಮಂಚಕ್ಕಾಗಿ ಇಬ್ಬರು ಗಿರಾಕಿಗಳಿಗೆ ಜಗಳ ಹತ್ತಿತು. ನಾನು ಮೊದಲು, ತಾನು ಮೊದಲು ಅಂತ ಒಂದೇ ದಿಂಬನ್ನು ಎರಡು ಕಡೆಯಿಂದ ಎಳೆದಾಡಿ, ಅದು ಹರಿದು, ಕೋಣೆಯೆಲ್ಲ ಹತ್ತಿಯೋ ಹತ್ತಿ. ಒಳಗಿನಿಂದ ಸೂಪರಿಂಟೆಂಡೆಂಟರು ಎದ್ದು ಬಂದರು. ಪ್ಯಾಂಟು, ಒಳಗೆ ಸೇರಿಸಿದ ಅಂಗಿ, ಕಾಲಲ್ಲಿ ಬೂಟು. ಮೀಸೆಯ ಮೇಲೆ ಹತ್ತಿ ಕೂತರೂ ಲೆಕ್ಕಿಸದೆ ಊಟದ ಮೇಜನ್ನು ದರದರ ಎಳೆದು ಮುಂಬಾಗಿಲಿಗೆ ಅಡ್ಡವಾಗಿ ಇಟ್ಟರು. ಅದರ ಮೇಲೊಂದು ರಿಜಿಸ್ಟರು, ಒಂದು ಪೆನ್ನು, ಒಂದು ಗಂಟೆ ಇಟ್ಟು ಕುರ್ಚಿಯಲ್ಲಿ ಕೂತು ಹೇಳಿದರು, "ಸಾಲಾಗಿ ಬನ್ನಿ."

ಅಲ್ಲಿಗೆ ಶುರುವಾಯಿತು ನೋಡಿ ಫಜೀತಿ. ದಿಂಬು ಬೇಕೆನ್ನುವವರು ಅರ್ಜಿ ತುಂಬಬೇಕು. ಯಾವ ಮಗ್ಗುಲು ಮಲಗುತ್ತೀರಿ, ಸದ್ಯದ ದಿಂಬಿನ ಸ್ಥಿತಿಗತಿಯೇನು, ನಿದ್ದೆ ಮಾಡುವ ಉದ್ದೇಶವೇನು. ಎಲ್ಲದಕ್ಕಿಂತ ಕೊನೆಗೆ, ತಲೆ ಇರುವುದಕ್ಕೆ ದೃಢೀಕರಣ ಪತ್ರ.

"ಸಾರ್, ತಲೆ ಇಲ್ಲೇ ಇದೆಯಲ್ಲ!" ಅಂತ ಕ್ಷೌರದಂಗಡಿಯವನು ತಲೆ ಬಡಿದುಕೊಂಡ.

"ನನಗೆ ಕಾಣುತ್ತೆ ಕಣ್ರೀ. ಕಡತಕ್ಕೆ ಕಾಣಬೇಕಲ್ಲ?" ಅಂದರು ಸೂಪರಿಂಟೆಂಡೆಂಟರು.

ಒಂದಕ್ಕೆ ಸರಿಯಾಗಿ ಗಂಟೆ ಬಾರಿಸಿ, ಊಟದ ವಿರಾಮ ಅಂತ ಮಂಚದ ಮೇಲೆ ಮಲಗಿದ್ದವರನ್ನೂ ಎಬ್ಬಿಸಿ ಆಚೆ ಕಳಿಸಿದರು. ದಿಂಬಕ್ಕನ ಪಿತ್ತ ನೆತ್ತಿಗೇರಿತು.

"ರೀ, ಇದೇನು ನಿಮ್ಮ ಆಫೀಸು ಅಂದ್ಕೊಂಡ್ರಾ? ಹೀಗೆ ಮಾಡಿದ್ರೆ ಯಾರು ಬರ್ತಾರೆ ನಮ್ಮ ಬಾಗಿಲಿಗೆ?"

"ಬಂದೇ ಬರ್ತಾರೆ. ಮೂವತ್ತಾರು ವರ್ಷ ಬಂದಿದಾರೆ. ಪದ್ಧತಿ ಅಂತ ಒಂದು ಬೇಡವೇನೇ?"

ಮೂರು ದಿನ ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು. ನಾಲ್ಕನೆಯ ದಿನ ಹೊಸ ವಸತಿಗೃಹದ ಒಡತಿ ಬಂದರು. ನಲವತ್ತು ದಿಂಬಿನ ಆರ್ಡರು, ಒಪ್ಪಿಗೆಯಾದರೆ ಪ್ರತಿ ವರ್ಷ ಅಷ್ಟೇ. ಆಕೆಯನ್ನೂ ಬಿಡದೆ ಸಾಲಿನಲ್ಲಿ ನಿಲ್ಲಿಸಿದ್ದರು ಪುಣ್ಯಾತ್ಮರು. ಸಾಲು ಮೆಟ್ಟಿಲಿಳಿದು ಗೇಟು ದಾಟಿ ರಸ್ತೆಗೆ ಬಂದಿತ್ತು, ಅರ್ಧ ಗಂಟೆಯಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗಿರಲಿಲ್ಲ. ಸುದ್ದಿ ಹಿತ್ತಲಿಗೆ ಮುಟ್ಟಿದ್ದೇ ತಡ ದಿಂಬಕ್ಕ ಕೈಯಲ್ಲಿದ್ದ ದಬ್ಬಣ ಬಿಸಾಕಿ ಎದ್ದಳು. ಇವತ್ತು ಮೇಜು ಒಳಗೆ ಹೋಗಬೇಕು, ಇಲ್ಲ ನಾನು ಹೊರಗೆ ಹೋಗಬೇಕು, ಎರಡರಲ್ಲೊಂದು ಆಗಿಬಿಡಲಿ ಅಂದುಕೊಂಡು ಮುಂಬಾಗಿಲಿಗೆ ನುಗ್ಗಿದಳು.

ಸೂಪರಿಂಟೆಂಡೆಂಟರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೂಗಿನ ಮೇಲೆ ಕನ್ನಡಕ, ಬೆರಳಲ್ಲಿ ಪೆನ್ನು, ಪೆನ್ನಿನ ತುದಿ ರಿಜಿಸ್ಟರಿನ ಮೇಲೆ. ಕಣ್ಣು ಮುಚ್ಚಿದ್ದವು.

ಅವಳ ಎದೆ ಧಸಕ್ಕೆಂದಿತು. ಡಾಕ್ಟರ ಮಾತು ನೆನಪಾಯಿತು. ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದಳು. ಬಿಸಿಯುಸಿರು ಬೆರಳಿಗೆ ತಾಗಿತು. ಅದರ ಹಿಂದೆಯೇ ಸಣ್ಣಗೆ, ಏರದೆ ಇಳಿಯದೆ, ಎಲ್ಲೂ ತುಂಡಾಗದೆ, ಒಂದು ಗೊರಕೆ. ಸಾವಿರ ಗೊರಕೆ ಕೇಳಿದ ಕಿವಿ ಅವಳದು, ಇಷ್ಟು ಚೆಂದದ್ದನ್ನು ಕೇಳಿರಲಿಲ್ಲ.

"ಎಬ್ಬಿಸಬೇಡಿ ಅಕ್ಕ," ಅಂತ ಸಾಲಿನ ಮೊದಲಿಗಿದ್ದ ಬೀಗ ರಿಪೇರಿಯ ಮುದುಕ ಪಿಸುಗುಟ್ಟಿದ. "ಒಂದು ಸಹಿಗೆ ಎಂಟು ತಿಂಗಳು ಇವರ ಆಫೀಸಿಗೆ ಅಲೆದವನು ನಾನು. ಇವರ ಹದ ನಂಗೊತ್ತು. ಎದುರಿಗೆ ಹನ್ನೆರಡು ಜನ ಕಾಯ್ತಾ ನಿಂತಿದ್ರೆ ಒಳ್ಳೆ ನಿದ್ದೆ. ಹನ್ನೆರಡಕ್ಕಿಂತ ಕಮ್ಮಿ ಆದ್ರೋ, ತಟ್ಟಂತ ಕಣ್ಣು ಬಿಟ್ಟು 'ನಾಳೆ ಬನ್ನಿ' ಅಂತಾರೆ."

ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲದ್ದು ಬೀಗ ರಿಪೇರಿಯವನಿಗೆ ಗೊತ್ತು! ಗಂಡ ಆಫೀಸಿನಲ್ಲಿ ದುಡಿದು ದಣಿದು ಬರುತ್ತಾರೆ ಅಂತ ಅಷ್ಟು ವರ್ಷ ಸಂಜೆಯ ಹೊತ್ತು ಮನೆಯಲ್ಲಿ ರೇಡಿಯೋ ಸಹ ಹಾಕಿರಲಿಲ್ಲ ಅವಳು. ಮೈಯೆಲ್ಲ ಉರಿಯಿತು. ಇಪ್ಪತ್ತೊಂದು ದಿಂಬು ಹೊಲಿದ ಬೆರಳುಗಳನ್ನು ನೋಡಿಕೊಂಡಳು. ಆ ಮಹಾಶಯರ ತಲೆಗೆ ದಿಂಬೇ ಬೇಕಿರಲಿಲ್ಲ. ಅವಳಿಗೆ ನಗು ಒತ್ತರಿಸಿ ಬಂತು, ಜೊತೆಗೇ ಅಳುವೂ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಎರಡನ್ನೂ ತಡೆದಳು.

ವಸತಿಗೃಹದ ಒಡತಿ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದರು. ದಿಂಬಕ್ಕ ಓಡಿಹೋಗಿ ಕೈ ಹಿಡಿದಳು.

"ಹೋಗ್ಬೇಡಿ ಅಮ್ಮ, ದಮ್ಮಯ್ಯ. ಸ್ವಲ್ಪ ಹೊತ್ತು ನಿಂತ್ಕೊಳ್ಳಿ."

"ನಲವತ್ತು ದಿಂಬು ಕೇಳೋಕೆ ಬಂದವಳನ್ನ ಬಿಸಿಲಲ್ಲಿ ನಿಲ್ಲಿಸಿ, ನಿಮ್ಮ ಯಜಮಾನರು ನಿದ್ದೆ ಮಾಡ್ತಿದಾರಲ್ರೀ! ಇದೇನು ವ್ಯಾಪಾರಾನಾ?"

"ನೀವು ಹೇಳೋದು ಸರಿ. ಒಂದು ವರ್ಷದಿಂದ ಅವರು ರೆಪ್ಪೆ ಮುಚ್ಚಿಲ್ಲ. ಇವತ್ತು ಮುಚ್ಚಿದಾರೆ. ನಿಮ್ಮ ಆರ್ಡರು ಬೇಕಾದ್ರೆ ಬಿಟ್ಬಿಡಿ, ಸಾಲು ಬಿಡ್ಬೇಡಿ."

ಆಕೆ ಇವಳ ಮುಖ ನೋಡಿದರು, ಬಾಗಿಲಲ್ಲಿ ಕೂತವರ ಮುಖ ನೋಡಿದರು. ಏನನ್ನಿಸಿತೋ, ಕೊಡೆ ಬಿಚ್ಚಿಕೊಂಡು ಮೊದಲಿದ್ದ ಜಾಗದಲ್ಲೇ ಹೋಗಿ ನಿಂತರು.

ಸಾಲು ಅನ್ನುವುದು ವಿಚಿತ್ರ. ಹದಿನೇಳು ಜನ ಸದ್ದಿಲ್ಲದೆ ನಿಂತಿದ್ದನ್ನು ಕಂಡು ಹಾದಿಹೋಕರು ಬಂದು ಸೇರಿಕೊಂಡರು. "ಏನ್ ಕೊಡ್ತಿದಾರೆ?" "ಗೊತ್ತಿಲ್ಲ, ಮೆಲ್ಲಗೆ ಮಾತಾಡಿ." ಡ್ಯೂಟಿ ಮುಗಿಸಿ ಬಂದ ಬಸ್ ಡ್ರೈವರು ಟಿಫಿನ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಿಂತ. ಹೆಡ್‌ಮಿಸ್ ತುಟಿಗೆ ಬೆರಳಿಟ್ಟು ಅತ್ತಿಂದಿತ್ತ ಓಡಾಡಿ ಸಾಲು ನೇರ ಮಾಡಿದರು. ಮೂರರ ಹೊತ್ತಿಗೆ ಸಾಲು ಬೀದಿಯ ಮೂಲೆ ತಿರುಗಿತ್ತು. ಸಾಲು ಬೆಳೆದ ಹಾಗೆಲ್ಲ ಬಾಗಿಲಲ್ಲಿ ಗೊರಕೆ ಆಳವಾಯಿತು. ಹೊಲಿಗೆಯ ಹೆಂಗಸರು ಎಲ್ಲರಿಗೂ ನೀರು ಕೊಟ್ಟರು. ದಿಂಬಕ್ಕ ಅವತ್ತು ಒಂದು ದಿಂಬೂ ಮಾರಲಿಲ್ಲ, ಮಾರುವ ಯೋಚನೆಯೂ ಬರಲಿಲ್ಲ.

ಐದು ದಾಟಿದ ಮೇಲೆ ಸಾಲು ಕರಗತೊಡಗಿತು. ಅವರಿಗೂ ಮನೆ ಮಠ ಇವೆಯಲ್ಲ. ಒಬ್ಬೊಬ್ಬರೇ ತುದಿಗಾಲಲ್ಲಿ ಹೊರಟರು. ಬಸ್ ಡ್ರೈವರನ್ನು ಹೆಂಡತಿ ಬಂದು ಕರೆದುಕೊಂಡು ಹೋದಳು. ಒಡತಿ ಮಾತ್ರ ಕೊಡೆ ಮಡಚಿ ಹಿಡಿದು ನಿಂತೇ ಇದ್ದರು. ಬಾಗಿಲ ಪಕ್ಕದಲ್ಲಿ ನಿಂತ ದಿಂಬಕ್ಕ ಒಂದೊಂದು ತಲೆಯನ್ನೂ ಎಣಿಸುತ್ತಿದ್ದಳು. ಹದಿನಾಲ್ಕು. ಹದಿಮೂರು. ಹನ್ನೆರಡು. ಕೊನೆಯಲ್ಲಿದ್ದ ಕ್ಷೌರದಂಗಡಿಯವನು ಕೈಮುಗಿದು, ಕ್ಷಮಿಸಿ ಅಕ್ಕ ಅಂತ ಕಣ್ಣಲ್ಲೇ ಹೇಳಿ ಹೊರಟ. ಹನ್ನೊಂದು.

ರಿಜಿಸ್ಟರಿನ ಮೇಲೆ ಪೆನ್ನು ಅಲುಗಿತು. ರೆಪ್ಪೆ ಅದುರಿತು. ಗೊರಕೆ ತಡೆತಡೆದು ಬಂತು.

ದಿಂಬಕ್ಕ ಅತ್ತಿತ್ತ ನೋಡಿದಳು, ಬೀದಿ ಖಾಲಿ. ಚಪ್ಪಲಿ ಬಿಟ್ಟು ಸದ್ದಾಗದಂತೆ ಮೆಟ್ಟಿಲಿಳಿದು, ಹನ್ನೊಂದು ಜನರನ್ನೂ ದಾಟಿಕೊಂಡು, ಸಾಲಿನ ಕಟ್ಟಕಡೆಗೆ ಹೋಗಿ ನಿಂತಳು. ಅವಳ ಮುಂದೆಯೇ ನಿಂತಿದ್ದವರು ಯಾರೋ ದಾರಿಹೋಕರು, ಬೇರೆ ಬೀದಿಯವರು. ಯಾವ ಸಾಲಿದು ಅಂತ ಇನ್ನೂ ಗೊತ್ತಾಗಿರಲಿಲ್ಲ ಅವರಿಗೆ. ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು, "ನಿಮಗೇನಾಗ್ಬೇಕಿತ್ತಮ್ಮ?"

ಬಾಗಿಲ ಕಡೆಯಿಂದ ಗೊರಕೆ ಮತ್ತೆ ಸರಿಯಾಗಿ ಕೇಳತೊಡಗಿತ್ತು.

"ಏನೂ ಆಗ್ಬೇಕಿಲ್ಲ," ಅಂದಳು ದಿಂಬಕ್ಕ. "ನೀವು ಮುಂದೆ ನೋಡಿ."